ಐಬು ನೋಡುವ ಕಣ್ಣು ನಮ್ಮೂರಲ್ಲೇ ಇದೆ

ಹೋದ ಡಿಸೆಂಬರ್‌ನಲ್ಲಿ ಬೆಳಗಾವಿಗೆ ಬಂದಿದ್ದೆ. ಒಂದು ಭಾನುವಾರ ಬೆಳಿಗ್ಗೆ ಕ್ಯಾಂಪ್ ಕಡೆಯ ಮೈದಾನದಲ್ಲಿ ಹಳೇ ಗಾಡಿಗಳು ಸೇರಿವೆ ಅಂತ ಗೊತ್ತಾಗಿ ಓಡಿದೆ. ಅಂಬಾಸಡರ್‌ಗಳು, ಪದ್ಮಿನಿಗಳು, ಎರಡು ವಿಲ್ಲೀಸ್ ಜೀಪು, ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್. ಮೂಲೆಯಲ್ಲಿ ಒಂದು ಡುಕ್ಕರ್ ಫಿಯಾಟ್ ನಿಂತಿತ್ತು. ಹಂದಿಯ ಹಾಗೆ ದುಂಡಗಿರುತ್ತೆ ಅಂತ ನಮ್ಮ ಕಡೆ ಅದಕ್ಕೆ ಮರಾಠಿಯಲ್ಲಿ ಇಟ್ಟ ಹೆಸರು ಅದು. ನನಗೆ ಬೆಳಗಾಗಿದ್ದೇ ಅವತ್ತು ಅನ್ನಿಸಿತು.

ಹನ್ನೊಂದು ಗಂಟೆಗೆ ಅತಿಥಿಗಳು ಬಂದರು. ಸಾಲಿನುದ್ದಕ್ಕೂ ಒಂದು ಸುತ್ತು ನಡೆದರು, ಫೋಟೋ ತೆಗೆಸಿಕೊಂಡರು. ಆಮೇಲೆ ಮೈಕಿನಲ್ಲಿ ಹೆಸರು ಕೂಗಿದರು. ಮೊದಲ ಬಹುಮಾನ ಒಂದು ಕೆಂಪು ಅಂಬಾಸಡರ್‌ಗೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಾನೆಟ್ ಎತ್ತಿ ನೋಡಿದವರು ಒಬ್ಬರೂ ಇರಲಿಲ್ಲ.

ನನ್ನ ಪಕ್ಕದಲ್ಲಿ ಒಬ್ಬ ವಯಸ್ಸಾದ ಮಿಸ್ತ್ರಿ ನಿಂತಿದ್ದರು. ಸಣ್ಣ ದನಿಯಲ್ಲಿ ಹೇಳಿದರು: "ಅದರ ಹೊಟ್ಟಿ ಬ್ಯಾರೆ ಐತ್ರಿ. ಸೌಂಡ್ ಕೇಳಿದ್ರ ಗೊತ್ತಾಗೂದಿಲ್ಲೇನ್ರಿ? ಡೀಸೆಲ್ ಎಂಜಿನ್ ಕೂಡ್ಸ್ಯಾರ." ಇನ್ನೊಂದು ಗಾಡಿಯ ಹತ್ತಿರ ಕರೆದುಕೊಂಡು ಹೋದರು. ಅದೂ ಅಂಬಾಸಡರ್, 1960ರ ದಶಕದ ಮಾರ್ಕ್ 2. ಮಾಲೀಕರ ಒಪ್ಪಿಗೆ ಕೇಳಿ ಬಾನೆಟ್ ಎತ್ತಿಸಿದರು. ಬೆರಳು ತಾಗಿಸದೆ ಒಂದು ಬೋಲ್ಟಿನ ತಲೆ ತೋರಿಸಿದರು. ಅದರ ಮೇಲೆ 8.8 ಅಂತ ಸಣ್ಣ ಅಂಕಿ ಇತ್ತು. "ಇದು ಎಂಎಂ ಬೋಲ್ಟು. ಆಗಿನ ಅಂಬಾಸಡರ್‌ಗೆ ಇಂಚಿನ ಪಾನಾನ ಬೇಕು. ಇದೊಂದ ಬದಲಾಗೇತಿ, ಉಳಿದಿದ್ದೆಲ್ಲಾ ಕಂಪನೀದು." ಹೌದು, ಪಕ್ಕದ ಬೋಲ್ಟುಗಳ ತಲೆ ಮೇಲೆ ಆ ಗುರುತು ಇರಲಿಲ್ಲ. ಆ ಗಾಡಿಯ ಬಣ್ಣ ಮಾಸಿತ್ತು. ಬಾಗಿಲ ಅಂಚಿನಲ್ಲಿ ಒಳಗಿನ ತಗಡು ಕಾಣುತ್ತಿತ್ತು. ಅದಕ್ಕೆ ಸಮಾಧಾನಕರ ಬಹುಮಾನವೂ ಬರಲಿಲ್ಲ.

ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ನಾನು ಈಗ ಇರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಹಳೇ ಗಾಡಿಗಳ ಆಂಟಿಕ್ ಆಟೋಮೊಬೈಲ್ ಕ್ಲಬ್ ಆಫ್ ಅಮೆರಿಕ ಅಂತ ಒಂದು ದೊಡ್ಡ ಸಂಘ ಇದೆ. 1935ರಲ್ಲಿ ಶುರುವಾದದ್ದು. ಅದರ ಕೇಂದ್ರ ಕಚೇರಿ ಇದೇ ರಾಜ್ಯದ ಹರ್ಷಿ ಊರಿನಲ್ಲಿದೆ. ಪ್ರತಿ ಅಕ್ಟೋಬರ್‌ನಲ್ಲಿ ಅಲ್ಲಿ ನಡೆಯುವುದು ನಿಜವಾದ ಜಾತ್ರೆ. ನಾನು ಅಲ್ಲಿ ತೀರ್ಪುಗಾರನಾಗಲು ಕಲಿಯುತ್ತಿದ್ದೇನೆ. ಮೊದಲು ತೀರ್ಪುಗಾರರ ಪಾಠಕ್ಕೆ ಕೂತೆ. ಆಮೇಲೆ ಒಂದು ತಂಡದ ಹಿಂದೆ ಶಿಷ್ಯನಾಗಿ ಓಡಾಡಿದೆ.

ಅಲ್ಲಿನ ಲೆಕ್ಕ ಸರಳ. ಪ್ರತಿ ಗಾಡಿಯೂ 400 ಅಂಕದೊಂದಿಗೆ ಮೈದಾನಕ್ಕೆ ಬರುತ್ತದೆ. ಅಂದರೆ ಪೂರ್ತಿ ಅಂಕ ಮೊದಲೇ ಕೊಟ್ಟಾಗಿದೆ. ತೀರ್ಪುಗಾರನ ಕೆಲಸ ಐಬು ಹುಡುಕಿ ಕಳೆಯುವುದು. ತಂಡಕ್ಕೆ ಒಬ್ಬ ನಾಯಕ. ಹೊರಮೈ ಒಬ್ಬರಿಗೆ, ಒಳಭಾಗ ಒಬ್ಬರಿಗೆ, ಎಂಜಿನ್ ಒಬ್ಬರಿಗೆ, ಚಾಸಿಸ್ ಒಬ್ಬರಿಗೆ. ಗಾಡಿ ಮುಟ್ಟುವ ಹಾಗಿಲ್ಲ. ಬಾಗಿಲು, ಬಾನೆಟ್, ಡಿಕ್ಕಿ ಎಲ್ಲ ಮಾಲೀಕನೇ ತೆಗೆದು ತೋರಿಸಬೇಕು. ಪಕ್ಕದ ಗಾಡಿಯ ಜೊತೆ ಹೋಲಿಸುವುದಿಲ್ಲ. ಡೀಲರ್ ಅಂಗಡಿಯಿಂದ ಮೊದಲ ಗಿರಾಕಿಗೆ ಕೊಟ್ಟ ದಿನ ಈ ಗಾಡಿ ಹೇಗಿತ್ತೋ, ಅದರ ಜೊತೆ ಮಾತ್ರ ಹೋಲಿಕೆ. ಸಂಶಯ ಬಂದರೆ ಅದರ ಲಾಭ ಮಾಲೀಕನಿಗೆ.

ಶಿಷ್ಯನಾಗಿ ಹೋದ ಮೊದಲ ದಿನವೇ ನಾನೊಂದು ತಪ್ಪು ಮಾಡಿದೆ. 1950ರ ದಶಕದ ಒಂದು ಶೆವ್ರೊಲೆ ಇತ್ತು. ಎಂಜಿನ್ನಿನ ವಾಲ್ವ್ ಕವರ್‌ಗೆ ಕ್ರೋಮ್ ಹಾಕಿಸಿದ್ದರು. ಥಳಥಳ ಅನ್ನುತ್ತಿತ್ತು. ನಾನು ಒಂದು ಅಂಕವನ್ನೂ ಕಳೆಯಲಿಲ್ಲ. ನಾಯಕ ನನ್ನ ಹಾಳೆ ನೋಡಿ, "ಅದು ಫ್ಯಾಕ್ಟರಿಯಿಂದ ಹೇಗೆ ಬಂದಿತ್ತು?" ಅಂತ ಕೇಳಿದರು. ಬರೀ ಬಣ್ಣ ಬಳಿದು ಬಂದಿತ್ತು. ಕ್ರೋಮ್ ಇರಬಾರದ ಕಡೆ ಕ್ರೋಮ್ ಇದ್ದರೆ ಅದೂ ಐಬೇ. ಇದ್ದದ್ದಕ್ಕಿಂತ ಚೆಂದ ಮಾಡಿದರೆ ಒಂದು ಅಂಕವೂ ಜಾಸ್ತಿ ಸಿಗುವುದಿಲ್ಲ. ಆ ದಿನ ನನಗೆ ಹೊಳಪು ಬೇರೆ, ನಿಜ ಬೇರೆ ಅಂತ ಅರ್ಥವಾಯಿತು.

ಮನೆಗೆ ಬರುವ ದಾರಿಯಲ್ಲಿ ನೆನಪಾದದ್ದು ಮಾತ್ರ ವಿಜಯಪುರ.

ಚಿಕ್ಕವನಿದ್ದಾಗ ಸೋದರಮಾವ ನನ್ನನ್ನು ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಕರೆದುಕೊಂಡು ಹೋಗುತ್ತಿದ್ದ. ಜಾತ್ರೆ ಅಂದರೆ ಮಾವನಿಗೆ ದನದ ಪೇಟೆ. ಖಿಲಾರಿ ಹೋರಿಗಳು ಸಾಲಾಗಿ ನಿಂತಿರುತ್ತಿದ್ದವು. ಅಲ್ಲಿ ಹಲ್ಲು ನೋಡಿ ವಯಸ್ಸಿನ ಪ್ರಕಾರ ವರ್ಗ ಮಾಡುತ್ತಿದ್ದರು: ಹಾಲುಹಲ್ಲಿನದು, ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಬಾಯಿಗೂಡಿದ್ದು ಅಂದರೆ ಹಲ್ಲೆಲ್ಲ ಬಂದದ್ದು. ಎರಡು ಹಲ್ಲಿನ ಹೋರಿಯನ್ನು ಬಾಯಿಗೂಡಿದ ಎತ್ತಿನ ಜೊತೆ ಯಾರೂ ತೂಗುತ್ತಿರಲಿಲ್ಲ. ಮಾರುವವರು ಕೊಂಬು ಹೆರೆದು ಎಣ್ಣೆ ಹಚ್ಚಿ ಮಿಂಚಿಸಿರುತ್ತಿದ್ದರು. ಮಾವ ಕೊಂಬಿನ ಕಡೆ ನೋಡುತ್ತಲೇ ಇರಲಿಲ್ಲ. ಮೊದಲು ಗೊರಸು, ಆಮೇಲೆ ಮೊಣಕಾಲು, ಆಮೇಲೆ ಬಾಯಿ, ಕೊನೆಗೆ ಸುಳಿ. ಹತ್ತು ಹೆಜ್ಜೆ ನಡೆಸಿ ಹಿಂದಿನಿಂದ ನೋಡುತ್ತಿದ್ದ. "ಐಬಿಲ್ಲ" ಅಂತ ಅವನ ಬಾಯಿಂದ ಬಂದರೆ ಸುತ್ತ ನಿಂತವರೆಲ್ಲ ತಲೆಯಾಡಿಸುತ್ತಿದ್ದರು.

ಹರ್ಷಿಯಲ್ಲಿ ನಾನು ಕಲಿತದ್ದೂ ಇದನ್ನೇ ಅಲ್ವಾ? ಹಲ್ಲಿನ ಬದಲು ಇಸವಿ. ಗೊರಸಿನ ಬದಲು ಟೈರು. ಅಂದರೆ ನಮ್ಮ ಕಡೆ ಕಣ್ಣಿಗೆ ಕೊರತೆಯಿಲ್ಲ. ಕೊರತೆ ಇರುವುದು ಒಂದು ಹಾಳೆಗೆ, ಮತ್ತು ಆ ಕಣ್ಣಿರುವವರ ಕೈಗೆ ಪೆನ್ನು ಕೊಡುವ ಮನಸ್ಸಿಗೆ. ಆ ಮಿಸ್ತ್ರಿ ಪ್ರೇಕ್ಷಕರ ಜೊತೆ ನಿಂತಿದ್ದರು. ಅವರು ನಿಲ್ಲಬೇಕಾಗಿದ್ದದ್ದು ಸಾಲಿನ ಒಳಗೆ, ಹಾಳೆ ಹಿಡಿದುಕೊಂಡು.

ಹಾಗಂತ ಅಮೆರಿಕದ ಹಾಳೆಯನ್ನು ಹಾಗೇ ತಂದು ಇಲ್ಲಿ ಹಚ್ಚಿದರೆ ಅನ್ಯಾಯವಾಗುತ್ತದೆ. ಇದನ್ನು ಒತ್ತಿ ಹೇಳುತ್ತೇನೆ. ಅಲ್ಲಿ ಹಳೇ ಶೆವ್ರೊಲೆಗೆ, ಫೋರ್ಡ್‌ಗೆ ಹೊಸದಾಗಿ ಅಚ್ಚುಹಾಕಿದ ಬಿಡಿಭಾಗ ಸಿಗುತ್ತದೆ. ಕ್ಯಾಟಲಾಗ್ ನೋಡಿ ತರಿಸಬಹುದು. ನಮ್ಮಲ್ಲಿ ಒಂದು ಕಾಲಕ್ಕೆ ಗಾಡಿ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಬಂದ ಗಾಡಿಯನ್ನು ಇಪ್ಪತ್ತು, ಮೂವತ್ತು ವರ್ಷ ದುಡಿಸುತ್ತಿದ್ದರು. ಪೆಟ್ರೋಲ್ ತುಟ್ಟಿಯಾಯಿತು ಅಂತ ಎಷ್ಟೋ ಅಂಬಾಸಡರ್‌ಗಳ ಎಂಜಿನ್ ಇಳಿಸಿ ಡೀಸೆಲ್ ಕೂಡಿಸಿದರು. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದರು. 5.90-15 ಅಳತೆಯ ಹಳೇ ಕ್ರಾಸ್‌ಪ್ಲೈ ಟೈರ್ ಹೋಗಿ ರೇಡಿಯಲ್ ಬಂತು. ಸಿಗದ ಭಾಗವನ್ನು ಉದ್ಯಮಬಾಗದಲ್ಲಿ ಎರಕ ಹೊಯ್ಸಿ, ಲೇತಿಗೆ ಹಾಕಿ ಕೂಡಿಸಿದರು. ಬೆಳಗಾವಿಯ ಫೌಂಡ್ರಿಗಳಿಗೆ ಅದು ದೊಡ್ಡ ಕೆಲಸವೇ ಅಲ್ಲ. ಇವೆಲ್ಲ ಐಬು ಹೌದು. ಆದರೆ ಇವೇ ಆ ಗಾಡಿಯನ್ನು ಗುಜರಿಯಿಂದ ಉಳಿಸಿದ ಕೈಗಳೂ ಹೌದು.

ಇದಕ್ಕೆ ದಾರಿ ಅಮೆರಿಕದ ಸಂಘದಲ್ಲೇ ಇದೆ. ಫ್ಯಾಕ್ಟರಿಯಿಂದ ಬಂದ ಬಣ್ಣ, ಸೀಟು, ಎಂಜಿನ್ ಹಾಗೇ ಉಳಿಸಿಕೊಂಡ ಗಾಡಿಗಳಿಗೆ ಬೇರೆಯೇ ಒಂದು ವರ್ಗ. ಅಲ್ಲಿ ಮಾಸಿದ ಬಣ್ಣಕ್ಕೆ ಮರ್ಯಾದೆ. ರಸ್ತೆಯಲ್ಲಿ ಓಡಿಸುವ ಗಾಡಿಗಳಿಗೆ ಇನ್ನೊಂದು ವರ್ಗ. ನಮಗೆ ಮೂರು ಸಾಲು ಸಾಕು. ಮೊದಲನೇ ಸಾಲು, ಕೆಡದೆ ಉಳಿದದ್ದು. ಎರಡನೇದು, ಬಿಚ್ಚಿ ಮತ್ತೆ ಕಟ್ಟಿದ್ದು. ಮೂರನೇದು, ದುಡಿದು ಉಳಿದದ್ದು. ಕೆಂಪು ಅಂಬಾಸಡರ್ ಮೂರನೇ ಸಾಲಿನಲ್ಲಿ ಗೆಲ್ಲಲಿ, ನಾನೇ ಚಪ್ಪಾಳೆ ಹೊಡೆಯುತ್ತೇನೆ. ಮಾಸಿದ ಮಾರ್ಕ್ 2 ಮೊದಲ ಸಾಲಿನಲ್ಲಿ ನಿಲ್ಲಲಿ.

ಈಗ ಇದು ಬರೀ ಬಹುಮಾನದ ಮಾತಾಗಿ ಉಳಿದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನೋಂದಣಿ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತದೆ. ಶುಲ್ಕ 20,000 ರೂಪಾಯಿ. ಮುಖ್ಯವಾದ ಷರತ್ತು ಅಂದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. 1974ರಲ್ಲಿ ಪದ್ಮಿನಿ ಅಂತ ಹೆಸರು ಪಡೆದ ಗಾಡಿಗಳಿಗೂ ಈಗ 50 ತುಂಬಿದೆ. ಮೂಲ ಯಾವುದು, ಬದಲಾದದ್ದು ಯಾವುದು ಅಂತ ಹೇಳಬಲ್ಲವರು ಪ್ರತಿ ಊರಲ್ಲೂ ಬೇಕಾಗುತ್ತದೆ.

ಹೊಸದಾಗಿ ತೀರ್ಪುಗಾರ ಆಗಬೇಕು ಅನ್ನುವ ಹುಡುಗರು ಇದ್ದಾರೆ, ನನಗೆ ಗೊತ್ತು. ಅವರಿಗೆ ಒಂದು ಮಾತು. ಎಲ್ಲ ಗಾಡಿ ಕಲಿಯಲು ಹೋಗಬೇಡಿ. ಒಂದನ್ನು ಹಿಡಿಯಿರಿ. ಅಂಬಾಸಡರ್ ಅಂದರೆ ಮಾರ್ಕ್ 1, ಮಾರ್ಕ್ 2, 1975ರ ಮಾರ್ಕ್ 3, 1979ರ ಮಾರ್ಕ್ 4, ಇವುಗಳ ಗ್ರಿಲ್ಲು, ಲೈಟು, ಡ್ಯಾಶ್‌ಬೋರ್ಡು ಕಣ್ಣು ಮುಚ್ಚಿದರೂ ಕಾಣಬೇಕು. ಗೇರ್ ಸ್ಟೀರಿಂಗ್ ಪಕ್ಕ ಇರಬೇಕೋ, ನೆಲದ ಮೇಲೋ ಅಂತ ಗೊತ್ತಿರಬೇಕು. ಹಳೇ ಮ್ಯಾನುಯಲ್, ಬಿಡಿಭಾಗಗಳ ಪುಸ್ತಕ ಎಲ್ಲಿ ಸಿಕ್ಕರೂ ಬಿಡಬೇಡಿ. ಒಬ್ಬ ಮಿಸ್ತ್ರಿಯ ಹಿಂದೆ ಒಂದು ವರ್ಷ ಸುಮ್ನೆ ಓಡಾಡಿ. ಮೈದಾನದಲ್ಲಿ ಕೈ ಬೆನ್ನ ಹಿಂದೆ ಇರಲಿ. ಅಂಗಿಯ ಗುಂಡಿ, ಉಂಗುರ ಬಣ್ಣಕ್ಕೆ ಗೀರು ಹಾಕುತ್ತವೆ. ಟಾರ್ಚ್ ಮರೆಯಬೇಡಿ. ನಿಮ್ಮ ಗಾಡಿ, ನಿಮ್ಮ ಸಂಬಂಧಿಕರ ಗಾಡಿ ಇರುವ ಸಾಲಿಗೆ ಹೋಗಲೇಬೇಡಿ.

ಮಾಲೀಕರಿಗೂ ಕೆಲಸ ಇದೆ. ಹರ್ಷಿಯಲ್ಲಿ ತೀರ್ಪುಗಾರರು ಪ್ರಶ್ನೆ ಎತ್ತಿದರೆ, ಇದು ಮೂಲದ್ದೇ ಅಂತ ಸಾಬೀತು ಮಾಡುವ ಹೊಣೆ ಮಾಲೀಕನದು. ನಮ್ಮಲ್ಲಿ ಆ ಸಾಕ್ಷಿ ಟ್ರಂಕಿನೊಳಗೆ ಮಲಗಿದೆ. ಆರ್‌ಸಿ ಬುಕ್ಕಿನಲ್ಲಿ ಎಂಜಿನ್ ನಂಬರು, ಚಾಸಿಸ್ ನಂಬರು ಇವೆ. ಗಾಡಿ ಕೊಂಡಾಗಿನ ರಸೀದಿ ಇರಬಹುದು. ಮದುವೆ ಆಲ್ಬಮ್ ತೆಗೆದು ನೋಡಿ. ಹೂವು ಕಟ್ಟಿದ ಗಾಡಿಯ ಮುಂದೆ ಮದುಮಕ್ಕಳು ನಿಂತಿರುತ್ತಾರೆ. ಆ ಫೋಟೋದಲ್ಲಿ ಬಂಪರ್, ವೀಲ್‌ಕಪ್, ಗ್ರಿಲ್ಲು ಎಲ್ಲ ಸ್ಪಷ್ಟ ಕಾಣುತ್ತವೆ. ಅದರ ಒಂದು ಪ್ರತಿ ಮಾಡಿಸಿ ಗಾಡಿಯಲ್ಲಿಡಿ. ಹಾಗೇ ಒಂದು ಬೆಂಕಿ ಆರಿಸುವ ಸಿಲಿಂಡರ್ ಕೂಡ. ಹರ್ಷಿಯಲ್ಲಿ ಅದಿಲ್ಲದ ಗಾಡಿಯನ್ನು ತೀರ್ಪಿಗೆ ನೋಡುವುದೇ ಇಲ್ಲ. ನಮ್ಮ ಮೈದಾನದಲ್ಲಿ ನಾನು ಒಂದನ್ನೂ ಕಾಣಲಿಲ್ಲ. ಐವತ್ತು ವರ್ಷದ ವೈರಿಂಗ್ ಇರುವ ಗಾಡಿಗಳು ಅವು. ಈ ವಿಷಯದಲ್ಲಿ ಮಾತ್ರ ನಾನು ಯಾರ ಜೊತೆಗೂ ಚೌಕಾಸಿಗೆ ತಯಾರಿಲ್ಲ.

ವಾಪಸ್ ಹೊರಡುವ ಎರಡು ದಿನ ಮೊದಲು ಆ ಮಿಸ್ತ್ರಿಯ ಗ್ಯಾರೇಜಿಗೆ ಹೋದೆ. ರಾತ್ರಿ ಕೂತು ಕನ್ನಡದಲ್ಲಿ ಒಂದು ಹಾಳೆ ಬರೆದಿದ್ದೆ. ಮೇಲೆ "ಐಬಿನ ಪಟ್ಟಿ" ಅಂತ ಹೆಸರು. ರಿಪೇರಿಗೆ ಬಂದ ಒಂದು ಪದ್ಮಿನಿ ಇತ್ತು. ಅದರ ಮಾಲೀಕರೂ ಅಲ್ಲೇ ಇದ್ದರು, ನೋಡಿ ಅಂದರು. ಮಿಸ್ತ್ರಿ ಗೋಣಿಚೀಲ ಹಾಸಿಕೊಂಡು, ಟಾರ್ಚ್ ಹಿಡಿದು ಗಾಡಿಯ ಕೆಳಗೆ ಸರಿದರು. ಅಲ್ಲಿಂದಲೇ ಒಂದೊಂದಾಗಿ ಹೇಳುತ್ತಾ ಹೋದರು. ಮಿಸ್ತ್ರಿಯ ಮೊಮ್ಮಗಳು ಬರೆದುಕೊಂಡಳು. ಕಾಲೇಜು ಓದುವ ಹುಡುಗಿ. ಅವಳೇ ಎರಡು ಸಲ ತಾತನನ್ನು ತಡೆದು, "ಇದನ್ನ ಆಗಲೇ ಕಳದೇವಿ" ಅಂದಳು.

ಸೈಲೆನ್ಸರ್ ಹತ್ತಿರ ಬಂದಾಗ ನಮ್ಮಿಬ್ಬರಿಗೆ ವಾದ ಹತ್ತಿತು. ಮೇಲುಮೇಲಿನ ತುಕ್ಕು ಇತ್ತು. ನಾನು ಎರಡು ಅಂಕ ಕಳೆಯಿರಿ ಅಂದೆ. ಮಿಸ್ತ್ರಿ ಗಾಡಿಯ ಕೆಳಗಿನಿಂದ ತಲೆ ಹೊರಗೆ ಹಾಕಿದರು. "ಬೆಳಗಾವಿ ಮಳಿ ನಿಮಗೆ ಗೊತ್ತೈತಲ್ಲರೀ. ಇಷ್ಟ ಮಳಿ ಕಂಡ ಗಾಡಿಗೆ ಇದು ಐಬಲ್ಲ." ನಾನು ಒಪ್ಪಲಿಲ್ಲ, ಅವರೂ ಬಿಡಲಿಲ್ಲ. ಆ ಹುಡುಗಿ ಅಲ್ಲೊಂದು ಪೆನ್ಸಿಲ್ ಗುರುತು ಹಾಕಿ ಮುಂದಿನ ಸಾಲಿಗೆ ಹೋದಳು.