ವ್ಯಾಯಾಮ ಮಾಡದ ದಿನವನ್ನೂ ಬರೆದಿಡಿ

ನಾನು ವ್ಯಾಯಾಮದ ಲೆಕ್ಕ ಬರೆಯಲು ಶುರು ಮಾಡಿದ್ದು 2007ರಲ್ಲಿ. ಈಗ ಹದಿನಾಲ್ಕನೇ ನೋಟ್‌ಬುಕ್ ನಡೆಯುತ್ತಿದೆ. "ಫೋನೇ ಎಲ್ಲ ಲೆಕ್ಕ ಇಡುತ್ತಲ್ಲ, ಕೈಯಲ್ಲಿ ಯಾಕೆ ಬರೀತೀರಿ?" ಅಂತ ಕೇಳುವವರು ಜಾಸ್ತಿ. ಫೋನು ಹೆಜ್ಜೆ ಎಣಿಸುತ್ತದೆ, ನಿಜ. ಆದರೆ ಇವತ್ತು ನಾನು ಯಾಕೆ ಓಡಲಿಲ್ಲ ಅನ್ನೋದು ಅದಕ್ಕೆ ಗೊತ್ತಾಗುವುದಿಲ್ಲ. ನನಗೆ ಬೇಕಾಗಿರುವುದು ಅದೇ.

ಮೊದಲ ಎರಡು ವರ್ಷ ಚೆನ್ನಾಗಿ ಓಡಿದ ದಿನಗಳನ್ನು ಮಾತ್ರ ಬರೆಯುತ್ತಿದ್ದೆ. ಆ ಪುಟಗಳನ್ನು ಈಗ ತೆರೆದರೆ ಏನೂ ತಿಳಿಯುವುದಿಲ್ಲ. 5 ಕಿ.ಮೀ., 6, 8, ಆಮೇಲೆ ಇಪ್ಪತ್ತು ದಿನ ಖಾಲಿ. ಜ್ವರವಿತ್ತಾ, ಮನಸ್ಸಿರಲಿಲ್ವಾ, ನೆನಪೇ ಇಲ್ಲ. ಆಮೇಲೆ ಮಾಡದ ದಿನಕ್ಕೂ ಒಂದು ಸಾಲು ಬರೆಯತೊಡಗಿದೆ. 'ನಿದ್ದೆ 4 ಗಂಟೆ, ಆಗಲಿಲ್ಲ.' 'ಅಮ್ಮ ಆಸ್ಪತ್ರೆಯಲ್ಲಿ.' ಅಷ್ಟೇ.

ನನ್ನ ಮಂಡಿ ನೋವಿನ ಮೂಲ ಸಿಕ್ಕಿದ್ದು ಇಂಥ ಸಾಲುಗಳಲ್ಲೇ. ಆರು ವರ್ಷದಲ್ಲಿ ಮೂರು ಸಲ ಬಂದಿತ್ತು. ಪ್ರತಿ ಸಲವೂ ಕಾರಣವೇ ಇಲ್ಲದೆ ಬಂತು ಅಂದುಕೊಂಡಿದ್ದೆ. ಒಂದು ಭಾನುವಾರ ಮೂರೂ ನೋಟ್‌ಬುಕ್ ಪಕ್ಕಪಕ್ಕ ಇಟ್ಟು ನೋಡಿದೆ. ಮೂರೂ ಸಲ, ನೋವಿಗೆ ಎರಡು ವಾರ ಮುಂಚೆ, ವಾರದ ಓಟವನ್ನು 20 ಕಿ.ಮೀ.ನಿಂದ ಒಮ್ಮೆಲೇ 30 ದಾಟಿಸಿದ್ದೆ. ಎರಡು ಸಲ ಶೂ ಕೂಡ 900 ಕಿ.ಮೀ. ಓಡಿ ಸವೆದಿತ್ತು. ಓಟದ ಶೂ ಸುಮಾರು 500ರಿಂದ 800 ಕಿ.ಮೀ.ಗೆ ಬದಲಿಸಬೇಕು ಅಂತ ಹೇಳುತ್ತಾರೆ. ಓಡುವ ದಮ್ಮು ಬೇಗ ಹೆಚ್ಚುತ್ತದೆ, ಆದರೆ ಮೂಳೆ ಮತ್ತು ಕೀಲುಗಳು ಗಟ್ಟಿಯಾಗಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಉಸಿರು ಒಪ್ಪಿತು ಅಂತ ನಾನು ಓಡಿದ್ದೆ, ಮಂಡಿ ಒಪ್ಪಿರಲಿಲ್ಲ.

ಬೆಳಗ್ಗೆ ಹಾಸಿಗೆ ಬಿಡುವ ಮುಂಚೆ ನಾಡಿ ಎಣಿಸಿ ಬರೆಯುತ್ತೇನೆ. ನನ್ನದು ಸಾಮಾನ್ಯವಾಗಿ 58. ಅದು 66, 68ಕ್ಕೆ ಏರಿದ ದಿನ ಅವಸರ ಮಾಡುವುದಿಲ್ಲ. ಎಷ್ಟೋ ಸಲ ಮರುದಿನವೇ ಶೀತವೋ ಜ್ವರವೋ ಕಾಣಿಸಿಕೊಂಡಿದೆ. ಎಷ್ಟು ಕಷ್ಟವಾಯ್ತು ಅನ್ನುವುದಕ್ಕೂ ಒಂದು ಅಂಕಿ ಹಾಕುತ್ತೇನೆ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿದ ಅಳತೆ ಅದು, 6ರಿಂದ 20ರವರೆಗೆ. 6 ಅಂದರೆ ಸುಮ್ನೆ ಕೂತ ಹಾಗೆ, 20 ಅಂದರೆ ಇನ್ನು ಆಗಲ್ಲ ಅನ್ನುವ ಹಾಗೆ. ಆ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ಎದೆಬಡಿತ ಬರಲಿ ಅಂತಲೇ ಅದು 6ರಿಂದ ಶುರುವಾಗುತ್ತದೆ. ಅದೇ ದೂರ, ಅದೇ ಸಮಯ, ಹೋದ ತಿಂಗಳು 13, ಈ ತಿಂಗಳು 16 ಅಂತ ಬಿದ್ದರೆ ದೇಹ ಏನೋ ಹೇಳುತ್ತಿದೆ ಅಲ್ವಾ?

ಹೊಸದಾಗಿ ಶುರು ಮಾಡುವವರು ಜಾಸ್ತಿ ಕಾಲಂ ಹಾಕಿಕೊಳ್ಳಬೇಡಿ. ತಾರೀಕು, ಏನು ಮಾಡಿದೆ, ಎಷ್ಟು, ಹೇಗನಿಸಿತು, ಇಷ್ಟು ಸಾಕು.

ಅಮ್ಮ ಆಸ್ಪತ್ರೆಯಲ್ಲಿದ್ದಾಗಿನ ಪುಟವನ್ನು ಮೊನ್ನೆ ಮತ್ತೆ ತೆಗೆದೆ. ಹನ್ನೊಂದು ದಿನ 'ಇಲ್ಲ', 'ಇಲ್ಲ' ಅಂತಲೇ ಇದೆ. ಅಕ್ಷರ ದಿನದಿಂದ ದಿನಕ್ಕೆ ಸೊಟ್ಟಗಾಗಿದೆ. ಹನ್ನೆರಡನೇ ದಿನ: 'ಮೆಟ್ಟಿಲು, 4 ಮಹಡಿ, ಎರಡು ಸಲ.' ವ್ಯಾಯಾಮ ಅಂತ ಹತ್ತಿದ್ದಲ್ಲ. ಅಮ್ಮ ಕಣ್ಣು ಬಿಟ್ಟಿದ್ದಾರೆ ಅಂತ ಫೋನ್ ಬಂದಿತ್ತು, ಲಿಫ್ಟಿಗೆ ಕಾಯಲು ಆಗಲಿಲ್ಲ.