5 ವೋಲ್ಟಾ, 12 ವೋಲ್ಟಾ? ನೋಡಿಕೊಂಡು ಸಿಕ್ಕಿಸಿ

ಕಂಪ್ಯೂಟರಿಗೆ ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಕೇಸ್ ಮನೆಯಲ್ಲೇ ಮಾಡಿಕೊಳ್ಳುವುದನ್ನು ಚೆನ್ನಾಗಿ ಬರೆದಿದ್ದೀರಿ ಸರ್. ಆದರೆ ಎಲ್‌ಇಡಿ ಪಟ್ಟಿಯನ್ನು ಮದರ್‌ಬೋರ್ಡಿಗೆ (ಕಂಪ್ಯೂಟರಿನ ಮುಖ್ಯ ಸರ್ಕ್ಯೂಟ್ ಹಲಗೆ) ಸಿಕ್ಕಿಸಿದರೆ ಮುಗಿಯಿತು ಅಂದಿದ್ದೀರಲ್ಲ, ನಾನು ಕೈ ಸುಟ್ಟುಕೊಂಡಿದ್ದು ಅಲ್ಲೇ. ಆರ್‌ಜಿಬಿಯಲ್ಲಿ (ಬಣ್ಣ ಬದಲಿಸುವ ಎಲ್‌ಇಡಿ) ಮೂರು ಪಿನ್ನಿನದು 5 ವೋಲ್ಟ್, ನಾಲ್ಕು ಪಿನ್ನಿನದು 12 ವೋಲ್ಟ್. ನಾನು 5ರ ಪಟ್ಟಿಯನ್ನು 12ಕ್ಕೆ ಒತ್ತಿ ಕೂರಿಸಿದೆ. ಒಂದು ಸಲ ಮಿಂಚಿತು, ಆಮೇಲೆ ಕತ್ತಲೆ. ಎಸ್‌.ಪಿ. ರೋಡಿಗೆ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ) ಮತ್ತೊಂದು ಟ್ರಿಪ್!

ತೂತು ಕೊರೆಯುವಾಗಲೂ ಆತುರ ಬೇಡ. ಮರಕ್ಕೆ ಹಾಕುವ ಡ್ರಿಲ್ ಬಿಟ್ ಹಾಕಿ ಒತ್ತಿದೆ, 3 ಮಿ.ಮೀ. ಅಕ್ರಿಲಿಕ್ ಹಾಳೆ ಅಂಚಿನವರೆಗೂ ಚಟ್ ಅಂತ ಸೀಳಿತು. ಕೆಳಗೆ ಹಲಗೆ ಇಟ್ಟು, ಹಾಳೆಗೆ ಅಂಟಿಸಿರುವ ರಕ್ಷಣೆಯ ಕಾಗದ ಕೀಳದೆ ನಿಧಾನಕ್ಕೆ ಕೊರೆಯಬೇಕು.

ಖುಷಿ ಕೊಟ್ಟಿದ್ದು ಮಾತ್ರ ಗಂಡಭೇರುಂಡ. ಪಕ್ಕದ ಹಾಳೆಯ ಮೇಲೆ ಅದನ್ನು ಕೆತ್ತಿ, ಅಂಚಿಗೆ ಎಲ್‌ಇಡಿ ಕೊಟ್ಟೆ. ಬೆಳಕು ಹಾಳೆಯೊಳಗೇ ಓಡಿ, ಗೀರು ಬಿದ್ದ ಕಡೆ ಹೊರಗೆ ಬರುತ್ತದೆ. ದೀಪ ಆರಿಸಿದರೆ ಸುಮ್ನೆ ಒಂದಿಷ್ಟು ಗೀರು, ಹಚ್ಚಿದರೆ ಎರಡು ತಲೆಯ ಹಕ್ಕಿ! ಧೂಳು ಜಾಸ್ತಿ ಅಂಟುತ್ತದೆ, ನಿಜ. ಆದರೆ ಗಾಜು ಒರೆಸುವ ಅಮೋನಿಯಾ ಸ್ಪ್ರೇ ಹಾಕಬೇಡಿ, ಕೂದಲೆಳೆಯಂಥ ಬಿರುಕು ಬೀಳುತ್ತದೆ. ಸೋಪಿನ ನೀರು, ಮೆತ್ತನೆಯ ಬಟ್ಟೆ ಸಾಕು.