ಸಾಯಲು ಸಿದ್ಧರಿರುವವರು ಬೇಕಾಗಿದ್ದಾರೆ

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡಿನಾಟದಲ್ಲಿ ಸ್ಮಶಾನದ (ಸತ್ತ, ಬಳಸಿ ಮುಗಿದ ಕಾರ್ಡುಗಳು ಬೀಳುವ ಗುಡ್ಡೆಯ) ಡೆಕ್ ಕಟ್ಟಲು ಹೊರಟವರು ಮೊದಲು ಮಾಡುವ ಕೆಲಸ ದೈತ್ಯರನ್ನು ಗುಡ್ಡೆ ಹಾಕುವುದು. ಏಳು ಮನಾದವು (ಮನಾ ಎಂದರೆ ಕಾರ್ಡು ಆಡಲು ತೆರುವ ಶಕ್ತಿ) ನಾಲ್ಕು, ಎಂಟು ಮನಾದವು ಐದು, ಜೊತೆಗೆ ಸತ್ತವರನ್ನು ಎಬ್ಬಿಸುವ ಮಂತ್ರ ಒಂದು ಹತ್ತು. ಆಟ ಶುರುವಾಗಿ ಐದನೇ ಸರದಿ ಬಂದರೂ ದೈತ್ಯರೂ ಕೈಯಲ್ಲೇ, ಮಂತ್ರವೂ ಕೈಯಲ್ಲೇ, ಸ್ಮಶಾನದಲ್ಲಿ ಮಾತ್ರ ನರಪಿಳ್ಳೆ ಇಲ್ಲ. ತಿಥಿಗೆ ಪುರೋಹಿತರು ಬಂದರು, ಅಡುಗೆಯವರೂ ಬಂದರು, ಸತ್ತವರೊಬ್ಬರು ಬಾಕಿ.

ಕಮಾಂಡರ್ ಬಗೆಯ ಆಟವನ್ನೇ ತಗೊಳ್ಳಿ. ನೂರು ಕಾರ್ಡು, ಮನಾ ಕೊಡುವ ಬೇಸಿಕ್ ಲ್ಯಾಂಡ್ ಬಿಟ್ಟರೆ ಎಲ್ಲವೂ ಒಂದೊಂದೇ ಪ್ರತಿ, ತಲೆಗೆ 40 ಲೈಫ್, ಸಾಮಾನ್ಯವಾಗಿ ನಾಲ್ಕು ಜನ. 2015ರಲ್ಲಿ ಬಂದ ಮೆರೆನ್ ಆಫ್ ಕ್ಲಾನ್ ನೆಲ್ ಟೋಥ್ ಈ ಕಸುಬಿಗೆ ಹೇಳಿ ಮಾಡಿಸಿದ ಕಮಾಂಡರ್, ಅಂದರೆ ಡೆಕ್ಕಿನ ನಾಯಕಿ. ನಾಲ್ಕು ಮನಾ, ಕಪ್ಪು-ಹಸಿರು. ನಿಮ್ಮ ಕಡೆಯ ಬೇರೆ ಯಾವ ಕ್ರೀಚರ್ (ಕಾದಾಡುವ ಜೀವಿ) ಸತ್ತರೂ ನಿಮಗೊಂದು ಎಕ್ಸ್‌ಪೀರಿಯೆನ್ಸ್ ಕೌಂಟರ್, ಅಂದರೆ ಎಣಿಕೆಯ ಗುರುತು. ನಿಮ್ಮ ಸರದಿಯ ಕೊನೆಯ ಹಂತದಲ್ಲಿ ಸ್ಮಶಾನದಿಂದ ಒಂದು ಕ್ರೀಚರ್ ಆರಿಸಬೇಕು: ಅದರ ಮನಾ ಬೆಲೆ ನಿಮ್ಮ ಕೌಂಟರ್‌ಗಳಿಗಿಂತ ಹೆಚ್ಚಿಲ್ಲದಿದ್ದರೆ ಸೀದಾ ಕಣಕ್ಕೆ, ಹೆಚ್ಚಿದ್ದರೆ ಕೈಗೆ. ಅಂದರೆ ಮೆರೆನ್ ಮೆರೆಯಬೇಕಾದರೆ ಪದೇಪದೇ ಯಾರಾದರೂ ಸಾಯುತ್ತಿರಬೇಕು. ಉಳಿದ ಡೆಕ್ಕುಗಳಲ್ಲಿ ಕ್ರೀಚರ್ ಸತ್ತಿತೆಂದು ಅಳುತ್ತಾರೆ. ಇಲ್ಲಿ ಗಟ್ಟಿಮುಟ್ಟಾಗಿ ಬದುಕಿರುವುದೇ ಸಮಸ್ಯೆ.

ಆದ್ದರಿಂದ ಕೂಲಿ ಆಳುಗಳನ್ನು ಮೊದಲು ಹುಡುಕಿ. ಸಕುರಾ-ಟ್ರೈಬ್ ಎಲ್ಡರ್ ಎರಡೇ ಮನಾದ ಮುದುಕ. ಎದುರಾಳಿಯ ಏಟಿಗೆ ಅಡ್ಡ ನಿಲ್ಲುತ್ತಾನೆ, ಏಟು ಬೀಳುವ ಮೊದಲೇ ತನ್ನನ್ನು ಬಲಿಕೊಟ್ಟು ಒಂದು ಬೇಸಿಕ್ ಲ್ಯಾಂಡ್ ತಂದುಕೊಡುತ್ತಾನೆ, ಸರದಿಯ ಕೊನೆಗೆ ಎದ್ದು ಬಂದು ನಾಳೆಯೂ ಅದೇ ಕೆಲಸಕ್ಕೆ ನಿಲ್ಲುತ್ತಾನೆ. ಊರು ಹೋಗು ಅನ್ನುತ್ತದೆ, ಕಾಡು ಬಾ ಅನ್ನುತ್ತದೆ, ಮೆರೆನ್ ಮಾತ್ರ ಬಿಡುವುದಿಲ್ಲ. ಸ್ಟಿಚರ್ಸ್ ಸಪ್ಲೈಯರ್ ಒಂದು ಮನಾಕ್ಕೆ ಬರುವಾಗ ಮೂರು, ಸಾಯುವಾಗ ಮೂರು ಕಾರ್ಡುಗಳನ್ನು ಡೆಕ್ಕಿನ ಮೇಲಿಂದ ಸ್ಮಶಾನಕ್ಕೆ ಸುರಿಯುತ್ತಾನೆ. ಫ್ಲೆಶ್‌ಬ್ಯಾಗ್ ಮರಾಡರ್ ಬಂದಾಗ ಎಲ್ಲರೂ ಒಂದೊಂದು ಕ್ರೀಚರ್ ಬಲಿ ಕೊಡಬೇಕು. ನಿಮ್ಮ ಪಾಲಿನ ಹರಕೆಯ ಕುರಿ ಅವನೇ ಆಗಬಹುದು.

ಇನ್ನು ಶ್ರೀಕ್‌ಮಾ. ಐದು ಮನಾದ ಕ್ರೀಚರ್, ಆದರೆ ಎರಡು ಮನಾ ಕೊಟ್ಟು ಇವೋಕ್ ಮಾಡಿದರೆ ಬಂದು, ಕಪ್ಪೂ ಆರ್ಟಿಫ್ಯಾಕ್ಟೂ (ಯಂತ್ರ, ವಸ್ತು ಬಗೆಯ ಕಾರ್ಡೂ) ಅಲ್ಲದ ಒಂದು ಕ್ರೀಚರನ್ನು ಮುಗಿಸಿ, ತಾನೂ ಸಾಯುತ್ತದೆ. ಕೌಂಟರ್ ಒಂದು ಬಂತು. ಕೌಂಟರ್ ಕಡಿಮೆಯಿದ್ದರೆ ಮೆರೆನ್ ಅದನ್ನು ಕೈಗೆ ಕೊಡುತ್ತಾಳೆ, ಮುಂದಿನ ಸರದಿಗೆ ಮತ್ತೆ ಎರಡು ಮನಾ, ಮತ್ತೊಂದು ಹೆಣ. ‘ಕಣಕ್ಕೆ ಬರಲಿಲ್ಲವಲ್ಲಾ’ ಎಂದು ಕೊರಗುವವರಿಗೆ ಕೈಗೆ ಬಂದದ್ದರ ಬೆಲೆ ಇನ್ನೂ ತಿಳಿದಿಲ್ಲ.

ಲೆಕ್ಕ ಹೀಗಿಡಿ. ಮೆರೆನ್ ಬಿಟ್ಟು 99ರಲ್ಲಿ 37 ಲ್ಯಾಂಡ್. ಸ್ಮಶಾನ ತುಂಬಿಸುವ ಕಾರ್ಡು ಹತ್ತಾದರೂ ಇರಲಿ. ಹತ್ತಿದ್ದರೂ ಮೂರನೇ ಸರದಿಯೊಳಗೆ ನೀವು ನೋಡುವ ಹತ್ತು ಕಾರ್ಡುಗಳಲ್ಲಿ ಅವುಗಳಲ್ಲೊಂದು ಸಿಗುವ ಸಾಧ್ಯತೆ ಶೇ. 67 ಮಾತ್ರ, ‘ನಾಲ್ಕು ಸಾಕು ಬಿಡಿ’ ಅನ್ನುವವರ ಗತಿ ಊಹಿಸಿಕೊಳ್ಳಿ. ಬೇಕೆಂದಾಗ ಬಲಿ ಕೊಡುವ ಸಾಧನ ಐದಾರು. ಅದರಲ್ಲಿ ಒಂದು ಮನಾದ ವಿಸೆರಾ ಸೀಯರ್ ಕಡ್ಡಾಯ, ಏಕೆಂದರೆ ಬಲಿ ಕೊಡಲು ಅದು ಮನಾ ಕೇಳುವುದಿಲ್ಲ. ಎದುರಾಳಿ ನಿಮ್ಮ ಕ್ರೀಚರನ್ನು ಎಕ್ಸೈಲ್ ಮಾಡಲು, ಅಂದರೆ ಆಟದಿಂದಲೇ ಗಡಿಪಾರು ಮಾಡಲು, ಬಂದಾಗ, ಅವನ ಮಂತ್ರ ಫಲಿಸುವ ಮೊದಲೇ ನೀವೇ ಬಲಿ ಕೊಟ್ಟುಬಿಟ್ಟರೆ ಅದು ಪರದೇಶದ ಬದಲು ತವರಿಗೆ ಸೇರುತ್ತದೆ. ದೈತ್ಯರು ಐದೇ ಸಾಕು. ಗ್ರೇವ್ ಟೈಟನ್ ಆರು ಕೌಂಟರಿಗೆ ಎದ್ದು ಬಂದರೆ ಇಬ್ಬರು ಜಾಂಬಿಗಳನ್ನೂ ಜೊತೆಗೆ ಕರೆತರುತ್ತದೆ. ಆ ಜಾಂಬಿಗಳು ಟೋಕನ್ (ಡೆಕ್ಕಿನ ಕಾರ್ಡಲ್ಲದ ಬದಲಿ ಗುರುತು), ಸತ್ತರೆ ಕೌಂಟರ್ ಕೊಡುತ್ತವೆ, ಆದರೆ ಸ್ಮಶಾನ ಮುಟ್ಟಿದೊಡನೆ ಮಾಯ. ಅವುಗಳನ್ನು ಎಬ್ಬಿಸಲು ಹೋಗಬೇಡಿ, ಎದುರಿನವರು ನಗುತ್ತಾರೆ.

ಇದಕ್ಕಿಂತ ದೊಡ್ಡ ನಗೆಪಾಟಲು ಬ್ಲೈಟ್‌ಸ್ಟೀಲ್ ಕೊಲೋಸಸ್. ಹನ್ನೆರಡು ಮನಾ, 11/11 (ಕೊಡುವ ಏಟು/ತಾಳುವ ಏಟು), ನೋಡಿದರೆ ಬಾಯಲ್ಲಿ ನೀರು. ಅದರ ಕೊನೆಯ ಸಾಲನ್ನು ಯಾರೂ ಓದುವುದಿಲ್ಲ: ಎಲ್ಲಿಂದಲೇ ಸ್ಮಶಾನಕ್ಕೆ ಹೊರಟರೂ ಅದು ಅಲ್ಲಿಗೆ ಸೇರದೆ ವಾಪಸು ಡೆಕ್ಕಿನೊಳಗೆ ಕಲೆಸಿಹೋಗುತ್ತದೆ. ಬಲಿ ಕೊಟ್ಟರೂ ಅದು ‘ಸತ್ತಂತೆ’ ಆಗುವುದಿಲ್ಲ, ಕೌಂಟರೂ ಇಲ್ಲ. ಚಟ್ಟದ ಮೇಲೆ ಮಲಗಿಸಿದವನು ಎದ್ದು ಮನೆಗೆ ನಡೆದ ಹಾಗೆ.

ಮೆರೆನ್ ಎಬ್ಬಿಸುವುದು ಕ್ರೀಚರ್‌ಗಳನ್ನಷ್ಟೇ. ಹೀಗಾಗಿ ಒಂದೇ ಕೆಲಸಕ್ಕೆ ಮಂತ್ರವೂ ಕ್ರೀಚರೂ ಇದ್ದರೆ ಒಂದು ಮನಾ ಹೆಚ್ಚಾದರೂ ಕ್ರೀಚರನ್ನೇ ಹಾಕಿ. ಆರ್ಟಿಫ್ಯಾಕ್ಟ್ ಒಡೆಯಲು ನ್ಯಾಚುರಲೈಸ್ ಬೇಡ, ರೆಕ್ಲಮೇಶನ್ ಸೇಜ್ ಇರಲಿ. ಮಿಲ್ ಆಗಿ, ಅಂದರೆ ಡೆಕ್ಕಿನಿಂದ ಸೀದಾ ಸ್ಮಶಾನಕ್ಕೆ, ಬಿದ್ದ ಒಳ್ಳೆಯ ಮಂತ್ರಕ್ಕೆ ಎಟರ್ನಲ್ ವಿಟ್ನೆಸ್ ಒಬ್ಬಳೇ ದಿಕ್ಕು.

ಟೈಮಿಂಗ್‌ನಲ್ಲಿ ಎಡವದವರಿಲ್ಲ. ಗುರಿ ಆರಿಸುವುದು ಕೊನೆಯ ಹಂತ ಶುರುವಾಗುವಾಗಲೇ. ಆಮೇಲೆ ನೆನಪಾಗಿ ಮುದುಕನನ್ನು ಬಲಿಕೊಟ್ಟರೆ ಅವನು ಬಸ್ಸು ತಪ್ಪಿಸಿಕೊಂಡ, ಇನ್ನೊಂದು ಸುತ್ತು ಕಾಯಬೇಕು. ಕೌಂಟರ್ ಎಣಿಸುವುದು ಮಾತ್ರ ಫಲಿಸುವ ಹೊತ್ತಿಗೆ. ಐದಿದ್ದು ಆರು ಬೇಕಾದರೆ ಗುರಿ ಆರಿಸಿದ ಮೇಲೂ ಯಾರನ್ನಾದರೂ ಬಲಿಕೊಟ್ಟು ಹೊಂದಿಸಬಹುದು. ಈ ಸಂದು ಗೊತ್ತಿರುವವರು ಮೇಜಿನಲ್ಲಿ ತುಸು ಜಾಸ್ತಿಯೇ ಮೀಸೆ ತಿರುವುತ್ತಾರೆ.

ಸ್ಮಶಾನ ತುಂಬಿ ತುಳುಕಿದೆ ಎಂದು ಬೀಗುವ ಹೊತ್ತಿಗೆ ಎದುರಿನವನು ಬೊಜುಕಾ ಬಾಗ್ ಇಡುತ್ತಾನೆ. ಅದೊಂದು ಲ್ಯಾಂಡ್, ಮಂತ್ರವಲ್ಲವಾದ್ದರಿಂದ ಮಾಮೂಲಿ ಕೌಂಟರ್‌ಸ್ಪೆಲ್ (ಮಂತ್ರ ತಡೆಯುವ ಮಂತ್ರ) ಅದನ್ನು ತಡೆಯುವುದಿಲ್ಲ, ನಿಮ್ಮ ಇಡೀ ಸ್ಮಶಾನ ಎಕ್ಸೈಲ್. ಒಳ್ಳೆಯ ಕ್ರೀಚರ್ ಎರಡನ್ನಾದರೂ ಕೈಯಲ್ಲಿಟ್ಟುಕೊಂಡಿರಿ, ಬಾಗ್ ಒಂದನ್ನು ನೀವೂ ಇಟ್ಟುಕೊಳ್ಳಿ. ಆದರೆ ಇತರರ ಸ್ಮಶಾನ ಕಟ್ಟಿಹಾಕುವ ಹುಮ್ಮಸ್ಸಿನಲ್ಲಿ ಗ್ರಾಫ್‌ಡಿಗರ್ಸ್ ಕೇಜ್ ಹಾಕಿಕೊಳ್ಳುವವರಿದ್ದಾರೆ. ಅದು ಎಲ್ಲರ ಸ್ಮಶಾನಕ್ಕೂ ಬೀಗ, ನಿಮ್ಮದಕ್ಕೂ. ಮೆರೆನ್ ಗೇಟಿನ ಹೊರಗೆ ನಿಂತು ಕೈಗಷ್ಟೇ ಕೊಡಬಲ್ಲಳು.

ಕೊನೆಗೆ ಕಪ್ಪೆ. ಸ್ಪೋರ್ ಫ್ರಾಗ್ ಒಂದು ಮನಾದ್ದು, ಬಲಿಕೊಟ್ಟರೆ ಆ ಸರದಿಯ ಕಾದಾಟದ ಏಟೆಲ್ಲ ರದ್ದು, ಒಂದೇ ಕೌಂಟರಿದ್ದರೂ ಸುತ್ತಿಗೊಮ್ಮೆ ಎದ್ದು ಬರುತ್ತದೆ. ಇಡೀ ಮೇಜಿಗೆ ಸಿಟ್ಟು ಬರಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ನೆನಪಿಡಿ, ಕಪ್ಪೆ ಒಂದು, ಎದುರಾಳಿಗಳು ಮೂವರು. ಮೊದಲನೆಯವನಿಗೇ ಹೆದರಿ ಬಲಿಕೊಟ್ಟರೆ ಉಳಿದಿಬ್ಬರು ತೋಳು ಮಡಿಸಿ ಬರುತ್ತಾರೆ. ಅನುಭವಿಗಳು ಅದಕ್ಕೇ ಮೊದಲು ಸುಮ್ಮನೆ ಎರಡು ಕ್ರೀಚರ್ ಕಳಿಸಿ ಕಪ್ಪೆ ಹಾರುತ್ತದೋ ಇಲ್ಲವೋ ನೋಡುತ್ತಾರೆ.